ಕಟ್ಟು ಹಾಕಿಸಿದ ಸರ್ಟಿಫಿಕೇಟು

ಅಪ್ಪನ ಕಣ್ಣು ಪೂರ್ತಿ ಹೋದ ಮೇಲೆ, ದಾವಣಗೆರೆಯ ಮಂಡಿಪೇಟೆಯಲ್ಲಿದ್ದ ನಮ್ಮ ಎಂಟು ಮಳಿಗೆ ಮತ್ತು ಅವುಗಳ ಹಿಂದಿನ ಗೋದಾಮಿನ ಉಸ್ತುವಾರಿ ನನ್ನ ಕೈಗೆ ಬಂತು. ಯಾರೂ ಕೂತು ಮಾತಾಡಿ ವಹಿಸಿದ್ದಲ್ಲ. ಮದುವೆಯಾದ ಎರಡನೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಮರಳಿದ್ದೆ. ಅಣ್ಣತಮ್ಮಂದಿರು ಇರಲಿಲ್ಲ. ಅಕ್ಕ ರಾಣೆಬೆನ್ನೂರಿನಲ್ಲಿ ಗಂಡನ ಮನೆಯಲ್ಲಿದ್ದಳು. ಅಪ್ಪನ ಕೈ ಹಿಡಿದು ಮಳಿಗೆ ಸಾಲಿನ ಉದ್ದಕ್ಕೂ ನಡೆಸಿಕೊಂಡು ಹೋಗುವವಳು ನಾನೇ ಆದ್ದರಿಂದ, ಸೋರುವ ಹೆಂಚು, ಕಟ್ಟಿಕೊಂಡ ಮೋರಿ, ಕೀಲು ಕಳಚಿದ ಬಾಗಿಲು ಎಲ್ಲವನ್ನೂ ನೋಡಿ ಹೇಳುವವಳೂ ನಾನೇ ಆದೆ. ಆರು ತಿಂಗಳಲ್ಲಿ ಹೇಳುವುದನ್ನು ಬಿಟ್ಟು ನಾನೇ ಗಾರೆಯವರನ್ನು ಕರೆಸತೊಡಗಿದ್ದೆ.

ಬಾಡಿಗೆದಾರರು ಮಾತ್ರ ಅಪ್ಪನ ಜೊತೆಗೇ ಮಾತಾಡುತ್ತಿದ್ದರು. ಪ್ರಶ್ನೆ ನಾನು ಕೇಳಿದರೂ ಉತ್ತರ ಅಪ್ಪನ ಕಡೆ ತಿರುಗಿ ಬರುತ್ತಿತ್ತು. ಅಪ್ಪ ಅದನ್ನು ಕೇಳಿಸಿಕೊಂಡೂ ಬೇಕೆಂದೇ "ಏನಂತಾರವ್ವ?" ಎಂದು ನನ್ನನ್ನು ಕೇಳುತ್ತಿದ್ದರು. ನಾನು ಅದನ್ನೇ ತಿರುಗಿ ಹೇಳಬೇಕಾಗುತ್ತಿತ್ತು. ಹೀಗೆ ಒಂದೇ ಮಾತು ಎರಡು ಸಲ ಆಗಿ, ಕೊನೆಗೆ ಬಾಡಿಗೆದಾರರಿಗೇ ಬೇಸರ ಬಂದು ನೇರವಾಗಿ ನನ್ನ ಜೊತೆ ಮಾತಾಡಲು ಕಲಿತರು.

ಅಪ್ಪ ನನಗೆ ಕಲಿಸಿದ್ದು ಮುಖ್ಯವಾಗಿ ಒಂದೇ ವಿದ್ಯೆ, ಅನುಮಾನ. ಕ್ರಯಪತ್ರ ಓದುವಾಗ ಚಕ್ಕುಬಂದಿಯನ್ನು, ಅಂದರೆ ನಾಲ್ಕು ದಿಕ್ಕಿನ ಎಲ್ಲೆಯನ್ನು, ಮೊದಲು ಓದು, ಹೆಸರನ್ನು ಆಮೇಲೆ ಓದು ಎನ್ನುತ್ತಿದ್ದರು. ನಾನು ಎಸ್.ಎಸ್.ಎಲ್.ಸಿ. ತನಕ ಓದಿದ್ದೆ. ಇಂಗ್ಲಿಷ್ ಕಾಗದಗಳನ್ನು ತಡವರಿಸುತ್ತಲಾದರೂ ಓದಿ ಅರ್ಥ ಹೇಳುತ್ತಿದ್ದೆ. ಒಮ್ಮೆ ಪಕ್ಕದ ಜಾಗದವರು ತಂದ ಕಾಗದವೊಂದರಲ್ಲಿ ಪಶ್ಚಿಮಕ್ಕೆ ಇರಬೇಕಾದ ಮೋರಿ ಪೂರ್ವಕ್ಕೆ ಹೋಗಿರುವುದನ್ನು ಹಿಡಿದೆ. ಅಪ್ಪ ಅದನ್ನು ವಾರಗಟ್ಟಲೆ ಬಂದವರಿಗೆಲ್ಲ ಹೇಳಿದರು. ಅಂದಿನಿಂದ ನನಗೆ ನನ್ನ ಮೇಲೆ ಬಹಳ ನಂಬಿಕೆ ಬಂತು. ಯಾರು ಬಂದರೂ ಅವರ ಮಾತಿಗಿಂತ ಮುಂಚೆ ಅವರ ಚಪ್ಪಲಿ, ಚೀಲ, ರುಜು ನೋಡುತ್ತಿದ್ದೆ.

ನಯಾಪೈಸೆ ಬಂದ ಹೊಸತು. ಶಿವರಾತ್ರಿ ಕಳೆದು ಬಿಸಿಲು ಏರುತ್ತಿದ್ದಾಗ ಭಾವ, ಅಂದರೆ ಅಕ್ಕನ ಗಂಡ, ರಾಣೆಬೆನ್ನೂರಿನಿಂದ ಬಂದರು. ಜೊತೆಗೆ ಒಬ್ಬರು ಬಂದಿದ್ದರು. ನಲವತ್ತರ ಆಸುಪಾಸಿನ, ಸಣಕಲು ಮೈಯ, ಮಾತು ಕಡಿಮೆಯ ಮನುಷ್ಯ. ಬಿಳಿ ಡ್ರಿಲ್ ಪ್ಯಾಂಟು, ತೇಪೆ ಹಾಕಿದ ಚರ್ಮದ ಚೀಲ. ಚೀಲದಲ್ಲಿ ಅಳತೆ ಟೇಪು, ತೂಗುಗುಂಡು, ಮತ್ತು ಬಟ್ಟೆಯಲ್ಲಿ ಸುತ್ತಿದ, ಗಾಜಿನ ಕಟ್ಟು ಹಾಕಿಸಿದ ಒಂದು ಸರ್ಟಿಫಿಕೇಟು. ಬೊಂಬಾಯಿಯ ಯಾವುದೋ ಸಂಸ್ಥೆಯದು. ಕಟ್ಟಡಗಳ ತನಿಖೆ, ಬಾಡಿಗೆ ಆಸ್ತಿಯ ನಿರ್ವಹಣೆ ಎಂದೆಲ್ಲ ಓರೆ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಕೆಳಗೆ ಕೆಂಪು ಮೊಹರು ಒತ್ತಿತ್ತು.

"ಬಾಡಿಗೆ ಆಸ್ತಿ ನೋಡ್ಕೊಳ್ಳೋದೂ ಈಗ ಒಂದು ವಿದ್ಯೆ ಆಗೈತ್ರಿ ಮಾವಾರೆ" ಎಂದರು ಭಾವ. "ಬೊಂಬಾಯಾಗ ಅದಕ್ಕೆ ಪರೀಕ್ಷೆ ಐತೆ. ಇದು ಮನ್ಯಾಗಿನ ಹೆಣ್ಮಕ್ಕಳು ಮಾಡೋ ಕೆಲಸ ಅಲ್ಲ."

ಅಪ್ಪ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಭಾವ ಅದನ್ನು ಒಪ್ಪಿಗೆ ಎಂದು ತಿಳಿದು, ಮೊದಲನೇ ಮಳಿಗೆಯ ಪಕ್ಕ ನಾವು ಕೂರುತ್ತಿದ್ದ ಸಣ್ಣ ಕೋಣೆಯಲ್ಲಿ ಅವರನ್ನು ಮ್ಯಾನೇಜರಾಗಿ ಕೂರಿಸಿದರು. ಬಂದವರು ಮೊದಲ ದಿನವೇ ಮೊಳೆ ಹೊಡೆದು ಸರ್ಟಿಫಿಕೇಟನ್ನು ಗೋಡೆಗೆ ತಗುಲಿಹಾಕಿದರು.

ಆ ಹಾಳೆಯ ಮಹಿಮೆಯನ್ನು ನಾನು ಕಣ್ಣಾರೆ ಕಂಡೆ. ಒಂದು ಹೆಂಚಿನ ವಿಷಯಕ್ಕೆ ನನ್ನ ಹತ್ತಿರ ಮೂರು ದಿನ ವಾದ ಮಾಡುತ್ತಿದ್ದ ಬಾಡಿಗೆದಾರರು ಅದರ ಮುಂದೆ ಕೈಕಟ್ಟಿ ನಿಲ್ಲುತ್ತಿದ್ದರು. ಪಾತ್ರೆ ಅಂಗಡಿಯವರು ಅದನ್ನು ಓದಿ ಹೇಳಿ ಎಂದು ಕೇಳಿಕೊಂಡು, ಒಂದಕ್ಷರ ಅರ್ಥವಾಗದಿದ್ದರೂ ತಲೆದೂಗಿದರು. ನಾಲ್ಕು ವರ್ಷ ನಾನು ಬೆವರು ಸುರಿಸಿ ಗಳಿಸಿದ್ದ ಮರ್ಯಾದೆಯನ್ನು ಒಂದು ಮೊಳೆ, ಒಂದು ಗಾಜಿನ ಕಟ್ಟು ಮಧ್ಯಾಹ್ನದೊಳಗೆ ಗಳಿಸಿಕೊಂಡಿತು. ನನಗೆ ಹೊಟ್ಟೆ ಉರಿಯಿತು ಎಂದು ಈಗ ಹೇಳಬಲ್ಲೆ. ಆಗ ಅದಕ್ಕೆ ನಾನು ಕೊಟ್ಟ ಹೆಸರು ಎಚ್ಚರಿಕೆ.

ಅವರನ್ನು ಕಾಯತೊಡಗಿದೆ. ದಿನಾ ಹರಿಹರದಿಂದ ಬೆಳಗಿನ ರೈಲಿಗೆ ಬುತ್ತಿ ಕಟ್ಟಿಕೊಂಡು ಬಂದು ಸಂಜೆಯ ರೈಲಿಗೆ ಹೋಗುತ್ತಿದ್ದರು. ಬೊಂಬಾಯಿಯಲ್ಲಿ ಕಲಿತವರು ದಾವಣಗೆರೆಯಲ್ಲಿ ಒಂದು ರೂಮು ಹಿಡಿಯದೆ ಹರಿಹರದಿಂದ ಯಾಕೆ ಓಡಾಡಬೇಕು ಎಂದು ಯೋಚಿಸಿದೆ. ಕೆಲಸವೂ ವಿಚಿತ್ರವಾಗಿತ್ತು. ಮಳಿಗೆಯ ಮುಂಭಾಗವನ್ನು ನೋಡುತ್ತಲೇ ಇರಲಿಲ್ಲ. ಅಟ್ಟ ಹತ್ತುವುದು, ತೊಲೆಯ ತುದಿಯನ್ನು ಬೆರಳ ಗಂಟಿನಿಂದ ಬಡಿದು ಕಿವಿಗೊಡುವುದು, ಮೋರಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ನೀರು ಎತ್ತ ಹೋಗುತ್ತದೆಂದು ನೋಡುವುದು. ಬರೆದದ್ದನ್ನು ನಾನು ಹತ್ತಿರ ಹೋದರೆ ಮುಚ್ಚಿಡುತ್ತಿರಲಿಲ್ಲ. ಅದೂ ನನಗೆ ನಾಟಕವಾಗಿಯೇ ಕಂಡಿತು.

ಒಂದು ದಿನ ಸರ್ಟಿಫಿಕೇಟಿನ ಮೇಲಿನ ಹೆಸರನ್ನೂ, ಅವರು ಗಾರೆಯವರಿಗೆ ಬರೆದುಕೊಟ್ಟ ಚೀಟಿಯ ಕೆಳಗಿನ ರುಜುವನ್ನೂ ಹೋಲಿಸಿ ನೋಡಿದೆ. ಮನೆತನದ ಹೆಸರು ಒಂದೇ. ಮೊದಲಿನ ಅಕ್ಷರ ಬೇರೆ.

ಗೋದಾಮಿನ ಮಾತು ಬಂದದ್ದು ಆಮೇಲೆ. ಅದು ಅಪ್ಪ ಅರಳೆ ವ್ಯಾಪಾರದಲ್ಲಿದ್ದಾಗ ಕಟ್ಟಿಸಿದ್ದು. ಕಲ್ಲು ಮಣ್ಣಿನ ದಪ್ಪ ಗೋಡೆ, ಮೇಲೆ ಮಂಗಳೂರು ಹೆಂಚು. ಹಿಂಗೋಡೆ ಹಿತ್ತಲಿನ ಓಣಿಗೆ ಮುಖಮಾಡಿತ್ತು. ಅದರ ಮೂಲೆಯಲ್ಲಿ ನೆತ್ತಿಯಿಂದ ಬುಡದ ತನಕ ಒಂದು ಬಿರುಕು ಇತ್ತು. ನಮ್ಮ ಕಡೆ ಎರೆ ನೆಲದ ಮೇಲೆ ನಿಂತ ಗೋಡೆ ಬೇಸಿಗೆಯಲ್ಲಿ ಬಿರಿಯುವುದು, ಮಳೆ ಬಂದರೆ ತಾನೇ ಮುಚ್ಚುವುದು ಎಲ್ಲರಿಗೂ ಗೊತ್ತಿದ್ದದ್ದೇ. ಮ್ಯಾನೇಜರು ಆ ಬಿರುಕಿಗೆ ಅಡ್ಡಲಾಗಿ ಮೇಲೆ, ನಡುವೆ, ಕೆಳಗೆ ಮೂರು ಕಡೆ ಗಾಜಿನ ಸಣ್ಣ ಪಟ್ಟಿಗಳನ್ನು ಸುಣ್ಣದ ಗಾರೆಯಿಂದ ಅಂಟಿಸಿದರು. ಗೋಡೆ ಅಲುಗಿದರೆ ಗಾಜು ಒಡೆಯುತ್ತದೆ ಎಂದರು. ಹಮಾಲರು ಗುಂಪುಗೂಡಿ ನೋಡಿ ನಕ್ಕರು. ನನಗೂ ನಗು ಬಂತು.

ಮೂರು ವಾರ ಬಿಟ್ಟು ಅಪ್ಪನ ಮುಂದೆ ಹೇಳಿದರು. "ನೆಲ ಬಿರಿದು ಬಂದಿದ್ದಲ್ಲ ಯಜಮಾನ್ರೆ ಇದು. ಕೆಳಗೆ ಎಳೆಯಷ್ಟು ಐತೆ, ಮೇಲೆ ಎರಡು ಬೆರಳು ಹೋಗ್ತಾವೆ. ಗೋಡೆ ಹೊರಗೆ ವಾಲ್ತಾ ಐತೆ. ಒಳಗೆ ಅರಳೆ ತುಂಬಿದ ಅಂಡಿಗೆ ಗೋಡೆಗೇ ಆನಿಸಿ ಒಟ್ಟುತಾರೆ, ಅದು ನೂಕ್ತಾ ಐತೆ. ಮಳೆಗಾಲಕ್ಕೆ ಮುಂಚೆ ಗೋದಾಮು ಖಾಲಿ ಮಾಡಿಸ್ರಿ."

"ಗೋಡೆ ಹತ್ರ ಕರ್ಕೊಂಡು ಹೋಗವ್ವ" ಎಂದು ಅಪ್ಪ ನನಗೆ ಹೇಳಿದರು. ಹೋದೆವು. ಏಣಿ ಹತ್ತುವುದಕ್ಕೆ ಆಗುವುದಿಲ್ಲವಲ್ಲ, ಕೈಗೆ ಎಟುಕಿದಷ್ಟು ಎತ್ತರದಲ್ಲಿ ಬಿರುಕಿನ ಮೇಲೆ ಬೆರಳಾಡಿಸುತ್ತ ಬಹಳ ಹೊತ್ತು ನಿಂತರು.

ನನಗೆ ಮಾತ್ರ ಎಲ್ಲ ಸ್ಪಷ್ಟವಾಗಿ ಹೋಯಿತು. ಹುಬ್ಬಳ್ಳಿಯ ಒಬ್ಬ ಪಾರ್ಟಿ ದಾವಣಗೆರೆಯಲ್ಲಿ ಲಾಡ್ಜ್ ಕಟ್ಟಲು ಜಾಗ ಹುಡುಕುತ್ತಿದ್ದಾನೆ, ನಿಮ್ಮ ಭಾವನಿಗೆ ಅವನು ಬೇಕಾದವನು ಎಂದು ಯುಗಾದಿಗೆ ಬಂದಿದ್ದ ಅಕ್ಕನ ಬಾಯಿಂದ ಮಾತು ಜಾರಿತ್ತು. ಗೋದಾಮು ಇರುವ ತನಕ ಅಪ್ಪ ಜಾಗ ಮಾರುವುದಿಲ್ಲ. ಗೋದಾಮು ಬೀಳುತ್ತದೆ ಎಂದು ಓದಿದವರೊಬ್ಬರು ಬರೆದುಕೊಟ್ಟರೆ? ಗೋದಾಮು ಹಿಡಿದಿದ್ದ ಅರಳೆ ವ್ಯಾಪಾರಿಯ ಕಿವಿಗೆ ಇದನ್ನು ಹಾಕಿದೆ. ಇಪ್ಪತ್ತು ವರ್ಷದಿಂದ ಅಲ್ಲಿದ್ದವರು ಅವರು. ಖಾಲಿ ಮಾಡಿಸುವ ಉಪಾಯ ಇದು, ನನ್ನನ್ನು ಎಬ್ಬಿಸಲು ಗಾಜಿನ ಚೂರು ಸಾಕೆ ಎಂದು ಕಿಡಿಕಿಡಿಯಾದರು.

ಮಾರನೇ ವಾರ ಮೇಲಿನ ಗಾಜು ಒಡೆದಿತ್ತು. ನಡುವಿನದೂ ಕೆಳಗಿನದೂ ಹಾಗೇ ಇದ್ದವು. ಹಿಂದಿನ ದಿನ ಮ್ಯಾನೇಜರು ಏಣಿ ಹಾಕಿಕೊಂಡು ಅಲ್ಲಿ ಹತ್ತಿದ್ದನ್ನು ನಾನೇ ಕಂಡಿದ್ದೆ. ಅಲುಗಿದ್ದರೆ ಮೂರೂ ಒಡೆಯಬೇಕಿತ್ತು, ಏಣಿ ಹತ್ತಿದವರಿಗಷ್ಟೇ ಎಟುಕುವ ಮೇಲಿನದು ಮಾತ್ರ ಹೇಗೆ ಒಡೆಯಿತು ಎಂದುಕೊಂಡೆ. ಯಾರಿಗೂ ಹೇಳದೆ ಮನಸ್ಸಿನಲ್ಲಿಟ್ಟುಕೊಂಡೆ.

ಒಮ್ಮೆ ಕಾಫಿ ಕುಡಿಯುವಾಗ ಅಪ್ಪ ಅವರ ವಯಸ್ಸು ಕೇಳಿದರು. ಇನ್‌ಫ್ಲುಯೆಂಜಾ ಜ್ವರ ಬಂದ ವರ್ಷ ಹುಟ್ಟಿದ್ದು ಎಂದು ಅವರು ಹೇಳಿದರು. ನಾನು ಕೋಣೆಗೆ ಹೋಗಿ ಸರ್ಟಿಫಿಕೇಟಿನ ಮೇಲಿನ ಇಸವಿ ನೋಡಿದೆ. ಆ ಇಸವಿಯಲ್ಲಿ ಅವರಿಗೆ ಹನ್ನೆರಡು ವರ್ಷ. ಪೂರ್ವ ಪಶ್ಚಿಮ ಅದಲುಬದಲಾದದ್ದನ್ನು ಹಿಡಿದ ದಿನ ಎದೆ ಹೇಗೆ ಹಾರಿತ್ತೋ ಹಾಗೇ ಹಾರಿತು.

ಹರಿಹರೇಶ್ವರನ ದರ್ಶನಕ್ಕೆ ಹೋಗುತ್ತೇನೆ ಎಂದು ಅಪ್ಪನಿಗೆ ಸುಳ್ಳು ಹೇಳಿ ಒಂದು ಬೆಳಗ್ಗೆ ಬಸ್ಸು ಹತ್ತಿದೆ. ಅವರು ದಾವಣಗೆರೆಯಲ್ಲಿರುವ ಹೊತ್ತನ್ನೇ ಆರಿಸಿಕೊಂಡಿದ್ದೆ. ದಾರಿಯಲ್ಲಿ ಬಾತಿ ಊರು ದಾಟುವಾಗ ವಾಪಸ್ಸು ಹೋಗಲೇ ಅನ್ನಿಸಿತು. ಇಳಿಯಲಿಲ್ಲ. ಹರಿಹರದಲ್ಲಿ ಆಗ ಕಾರ್ಖಾನೆಗಳು ಏಳುತ್ತಿದ್ದವು, ಎಲ್ಲೆಲ್ಲೂ ಹೊರಗಿನ ಜನ. ಆದರೂ ಟೇಪು ಹಿಡಿದು ಓಡಾಡುವ ಇಂಥವರು ಎಂದು ಕೇಳಿದರೆ ಎರಡನೇ ಅಂಗಡಿಯವನೇ ದಾರಿ ತೋರಿಸಿದ. ಹೊಳೆಯ ಕಡೆಗೆ ಇಳಿಯುವ ಓಣಿಯಲ್ಲಿ ಒಂದು ಅಂಕಣದ ಮನೆ. ಬಾಗಿಲಲ್ಲಿ ಐವತ್ತರ ಹೆಂಗಸೊಬ್ಬರು ಅಕ್ಕಿ ಆರಿಸುತ್ತ ಕೂತಿದ್ದರು. ಹಣೆ ಬರಿದಾಗಿತ್ತು, ನನ್ನ ಹಾಗೆಯೇ.

ದಾವಣಗೆರೆಯ ಮಳಿಗೆಯವರ ಮಗಳು ಎಂದು ಹೇಳಿಕೊಂಡೆ. ಅವರ ಮುಖ ಅರಳಿತು. ಒಳಗೆ ಕರೆದು ಚಾಪೆ ಹಾಸಿದರು. ಮಂಡಕ್ಕಿಗೆ ಎಣ್ಣೆ ಖಾರ ಹಚ್ಚಿ ಮುಂದಿಟ್ಟರು, ಮಜ್ಜಿಗೆ ಕೊಟ್ಟರು. ಮೈದುನನಿಗೆ ಕೆಲಸ ಸಿಕ್ಕಿದ್ದರಿಂದ ಮನೆ ನಡೆಯುತ್ತಿದೆ ಎಂದು ನನ್ನ ಅಪ್ಪನನ್ನು ಹರಸಿದರು. ನಾನು ಮಂಡಕ್ಕಿ ತಿನ್ನುತ್ತಲೇ, ಅವರ ಸರ್ಟಿಫಿಕೇಟು ಬಹಳ ಚೆನ್ನಾಗಿದೆ, ಎಲ್ಲರೂ ಮೆಚ್ಚುತ್ತಾರೆ ಎಂದೆ.

"ಅದು ನಮ್ಮ ಯಜಮಾನರದವ್ವ" ಎಂದರು ಅವರು, ಹೆಮ್ಮೆಯಿಂದಲೇ. "ಬೊಂಬಾಯಾಗ ನನ್ನ ಕೊರಳಿನ ಸರ ಮಾರಿ ಓದಿ ಪಾಸ್ ಮಾಡಿದ್ದು. ಮೈದುನ ಹದಿನೆಂಟು ವರ್ಷ ಅವರ ಜೊತೀಗೇ ಕೆಲಸ ಮಾಡ್ದ. ಎಲ್ಲ ಅವರಷ್ಟೇ ಬರ್ತೈತೆ. ಪರೀಕ್ಷೆ ಒಂದು ದಕ್ಕಲಿಲ್ಲ, ಇಂಗ್ಲಿಷಿನಾಗ ಎರಡು ಸಲ ಹೋತು. ಇವರು ತೀರಿಕೊಂಡ ಮ್ಯಾಲೆ ನಾನೇ ಅಂದೆ, ತಗೊಂಡು ಹೋಗಪ್ಪ, ಪೆಟ್ಟಿಗ್ಯಾಗ ಇಟ್ರೆ ಇಲಿ ತಿಂತೈತೆ ಅಂತ."

ಅವರು ಏನನ್ನೂ ಬಚ್ಚಿಡಲಿಲ್ಲ. ಬಚ್ಚಿಡಬೇಕಾದದ್ದು ಅದರಲ್ಲಿ ಏನಾದರೂ ಇದೆ ಎಂದು ಅವರಿಗೆ ಹೊಳೆದೇ ಇರಲಿಲ್ಲ. ಹೊರಡುವಾಗ ನನ್ನ ಸೆರಗಿನಲ್ಲಿ ಒಂದು ನಿಂಬೆಹಣ್ಣು ಹಾಕಿದರು. ಬಸ್ಸಿನಲ್ಲಿ ಅದನ್ನು ಕೈಯಲ್ಲಿ ಹಿಡಿದುಕೊಂಡೇ ಬಂದೆ. ಆದರೆ ಗೆದ್ದ ಸಂತೋಷದ ಮುಂದೆ ಉಳಿದದ್ದು ಏನೂ ನಿಲ್ಲಲಿಲ್ಲ.

ಭಾವ ಬರುವ ದಿನಕ್ಕಾಗಿ ಕಾದೆ. ಅವರು ಬಂದ ದಿನ ಸಣ್ಣ ಕೋಣೆಯಲ್ಲಿ ಅಪ್ಪ, ಭಾವ, ಅರಳೆ ವ್ಯಾಪಾರಿ, ಇಬ್ಬರು ಬಾಡಿಗೆದಾರರು ಇದ್ದರು. ನಾನು ಸರ್ಟಿಫಿಕೇಟನ್ನು ಮೊಳೆಯಿಂದ ಇಳಿಸಿ ಮೇಜಿನ ಮೇಲಿಟ್ಟೆ. ಹೆಸರಿನ ಮೊದಲಿನ ಅಕ್ಷರ ತೋರಿಸಿದೆ, ಇಸವಿ ತೋರಿಸಿದೆ, ಹರಿಹರದಲ್ಲಿ ಕೇಳಿದ್ದನ್ನು ಹೇಳಿದೆ. ಒಡೆದ ಗಾಜಿನ ವಿಷಯವನ್ನೂ ಬಿಡಲಿಲ್ಲ. ಭಾವನ ಮುಖ ಬಾಡಿತು. ಅರಳೆ ವ್ಯಾಪಾರಿ, ನೋಡಿದಿರಾ ನಾನು ಹೇಳಿರಲಿಲ್ಲವೇ ಎಂದು ಎಲ್ಲರ ಮುಖ ನೋಡಿದರು.

ಮ್ಯಾನೇಜರು ಎದ್ದು ನಿಂತರು. ಅತ್ತಿಗೆಯ ಬಗ್ಗೆ ಮಾತ್ರ ಕೇಳಿದರು, ಅವರೇ ಹೇಳಿದರಾ ಎಂದು. ಹೌದೆಂದೆ. ತಲೆಯಾಡಿಸಿ ಸರ್ಟಿಫಿಕೇಟನ್ನು ಬಟ್ಟೆಯಲ್ಲಿ ಸುತ್ತಿಕೊಂಡರು.

"ಕಾಗದ ನಂದಲ್ಲಮ್ಮ, ಒಪ್ಪಿದೆ" ಎಂದರು. "ಗೋಡೆ ಬಗ್ಗೆ ಹೇಳಿದ್ದು ಸುಳ್ಳಲ್ಲ. ಬಾಕಿ ಏನು ಬೇಕಾದ್ರೂ ಅನ್ರಿ, ಆ ಅಂಡಿಗೆ ಮಾತ್ರ ತೆಗೆಸ್ರಿ."

ಅವರು ಹೋದ ಮೇಲೆ, ಎಲ್ಲರೂ ಎದ್ದ ಮೇಲೆ, ಅಪ್ಪ ಕೇಳಿದರು. "ಕಾಗದದ್ದು ಬಿಡವ್ವ. ಗೋಡೆದೇನು?"

"ಎಲ್ಲ ಸುಳ್ಳಪ್ಪ" ಎಂದೆ. "ಬೇರೆಯೋರ ಕಾಗದ ತಗುಲಿಹಾಕಿದೋರು ಗೋಡೆ ಬಗ್ಗೆ ನಿಜ ಹೇಳ್ತಾರಾ?"

ಅಪ್ಪ ಇನ್ನೊಮ್ಮೆ ಕೇಳಲಿಲ್ಲ. ಯಾವುದನ್ನಾದರೂ ಮೂರು ಸಲ ಕೇಳಿ ತಿಳಿಯುವ ಮನುಷ್ಯ, ಆವತ್ತು ಒಂದೇ ಸಲಕ್ಕೆ ಬಿಟ್ಟದ್ದು ಯಾಕೆಂದು ಬಹಳ ವರ್ಷ ಯೋಚಿಸಿದ್ದೇನೆ. ಅವರಿಗೆ ಉಳಿದಿದ್ದ ಕಣ್ಣು ನಾನೊಬ್ಬಳೇ.

ಸುದ್ದಿ ಮಂಡಿಪೇಟೆಯಲ್ಲೆಲ್ಲ ಹಬ್ಬಿತು. ಹೆಣ್ಣುಮಗಳು ಖೋಟಾ ಸರ್ಟಿಫಿಕೇಟು ಹಿಡಿದಳು ಎಂದು ಗುರುತಿಲ್ಲದವರೂ ಬಂದು ನೋಡಿ ಹೋದರು. ಪಾತ್ರೆ ಅಂಗಡಿಯವರು ಮೊದಲ ಸಲ ನನ್ನನ್ನು ಅಮ್ಮಾರೇ ಎಂದರು. ಆ ಮೂರು ತಿಂಗಳು ನಾನು ಅನುಭವಿಸಿದ ಗೌರವ ಹಿಂದೆಯೂ ಇರಲಿಲ್ಲ, ಮುಂದೆಯೂ ಬರಲಿಲ್ಲ. ಅರಳೆ ವ್ಯಾಪಾರಿ ಆ ವರ್ಷ ಅಂಡಿಗೆಗಳನ್ನು ತೊಲೆ ಮುಟ್ಟುವ ತನಕ ಒಟ್ಟಿಸಿದರು. ನಾನು ಬೇಡವೆನ್ನಲಿಲ್ಲ. ಹಾಗೆಂದರೆ ಹೋದವರ ಮಾತಿಗೆ ಬೆಲೆ ಕೊಟ್ಟಂತಾಗುತ್ತಿತ್ತು.

ಮಳೆ ಹಿಡಿದು ಐದು ದಿನವಾಗಿತ್ತು. ಆರನೇ ದಿನ ತುಂತುರು. ಮಧ್ಯಾಹ್ನ ಊಟದ ಹೊತ್ತು. ನಾನು ಅಪ್ಪನಿಗೆ ಅನ್ನ ಕಲಸಿ ಕೊಡುತ್ತಿದ್ದೆ. ನಮ್ಮ ಮನೆ ಎರಡು ಬೀದಿ ಆಚೆ. ಸದ್ದು ಕೇಳಿದಾಗ ಲಾರಿಯಿಂದ ಕಲ್ಲು ಸುರಿದರು ಎಂದುಕೊಂಡೆ. ಅಪ್ಪ ತುತ್ತನ್ನು ತಟ್ಟೆಗೆ ಹಾಕಿ, "ಗೋದಾಮು" ಎಂದರು.

ಹಿಂಗೋಡೆ ಪೂರ್ತಿ ಓಣಿಯ ಕಡೆಗೆ ಮಲಗಿತ್ತು. ಅದರ ಮೇಲೆ ಅಂಡಿಗೆಗಳು ಉರುಳಿ ಬಿದ್ದಿದ್ದವು. ಮೂವರು ಹಮಾಲರು ಗೋಡೆಯ ಹೊರಗಿನ ಕಟ್ಟೆಯ ಮೇಲೆ, ಸೂರಿನ ಕೆಳಗೆ ಮಳೆಗೆ ಮರೆಯಾಗಿ ಬುತ್ತಿ ಬಿಚ್ಚಿಕೊಂಡು ಕೂತಿದ್ದರಂತೆ. ಇಬ್ಬರು ಕೈತೊಳೆಯಲು ಎದ್ದು ಹೋಗಿದ್ದರು. ಒಬ್ಬ ಉಳಿದಿದ್ದ. ಕುಕ್ಕುವಾಡದವನು, ಮೂವತ್ತು ದಾಟಿರದ ಗಟ್ಟಿ ಆಳು. ಬಂದ ಜನವೆಲ್ಲ ಸೇರಿ ಕಲ್ಲು ಎತ್ತಿ ಹಾಕುತ್ತಿದ್ದರು. ಅವನು ಚೀರುತ್ತಿರಲಿಲ್ಲ. ಕಾಲಿನ ಮೇಲಿನ ಕಲ್ಲನ್ನು ತಾನೇ ತಳ್ಳಲು ನೋಡುತ್ತಿದ್ದ. ಜೀವ ಉಳಿಯಿತು. ಬಲಗಾಲು ಮಂಡಿಯ ಕೆಳಗೆ ಉಳಿಯಲಿಲ್ಲ.

ಆಸ್ಪತ್ರೆಗೆ ದಿನಾ ಹೋದೆ. ಖರ್ಚೆಲ್ಲ ನಮ್ಮದೇ ಎಂದು ಅಪ್ಪ ಹೇಳಿ ಕಳಿಸಿದ್ದರು. ಅವನ ಹೆಂಡತಿ ನನ್ನ ಕಾಲು ಮುಟ್ಟಲು ಬಂದಾಗ ಹಿಂದೆ ಸರಿದೆ. ಮನೆಯಲ್ಲಿ ಅಪ್ಪ ನನ್ನನ್ನು ಏನೂ ಕೇಳಲಿಲ್ಲ. ಬೈದಿದ್ದರೆ ಸುಲಭವಾಗುತ್ತಿತ್ತು.

ಹದಿನೈದು ದಿನ ಬಿಟ್ಟು ಮತ್ತೆ ಹರಿಹರಕ್ಕೆ ಹೋದೆ. ಆ ಮನೆಯ ಬಾಗಿಲಲ್ಲಿ ಅತ್ತಿಗೆ ನನ್ನನ್ನು ನೋಡಿ ಒಳಗೆ ಹೋದರು, ಬಾಗಿಲು ಹಾಕಲಿಲ್ಲ, ಕರೆಯಲೂ ಇಲ್ಲ. ಅವರ ಮೈದುನ ಕಾರ್ಖಾನೆಯ ವಸತಿಗೃಹಗಳನ್ನು ಕಟ್ಟುತ್ತಿದ್ದ ಕಂಟ್ರಾಕ್ಟರನ ಹತ್ತಿರ ಅಳತೆ ಮೇಸ್ತ್ರಿಯಾಗಿದ್ದಾರೆಂದು ಪಕ್ಕದ ಮನೆಯವರು ಹೇಳಿದರು. ಅಲ್ಲಿಗೆ ಹೋದೆ. ಇಟ್ಟಿಗೆ ರಾಶಿಯ ಪಕ್ಕ ನಿಂತು ಬರೆದುಕೊಳ್ಳುತ್ತಿದ್ದರು. ಸುದ್ದಿ ಅವರಿಗೆ ಮುಟ್ಟಿತ್ತು. ಮೊದಲು ಕೇಳಿದ್ದು ಆ ಹಮಾಲನ ಬಗ್ಗೆ. ಹೇಳಿದೆ. ಬರೆಯುತ್ತಿದ್ದ ಪುಸ್ತಕ ಮುಚ್ಚಿದರು.

ಮೇಲಿನ ಗಾಜೊಂದೇ ಯಾಕೆ ಒಡೆಯಿತು ಎಂದು ಕೇಳಿದೆ. ಬುಡ ನಿಂತಲ್ಲೇ ನಿಂತು ನೆತ್ತಿ ಹೊರಗೆ ಬಾಗುವಾಗ ಮೇಲಿನದೇ ಮೊದಲು ಒಡೆಯುವುದು ಎಂದು, ಕೈಯನ್ನು ಗೋಡೆಯ ಹಾಗೆ ನಿಲ್ಲಿಸಿ ಬಾಗಿಸಿ ತೋರಿಸಿದರು. ಮೊದಲೇ ಕೇಳಿದ್ದರೆ ಮೊದಲೇ ತೋರಿಸುತ್ತಿದ್ದರು. ನಾನು ಕೇಳಿರಲಿಲ್ಲ.

ಇನ್ನೊಂದು ಕೇಳದೆ ಇರಲಾಗಲಿಲ್ಲ. ಗೋದಾಮು ಕೆಟ್ಟಿದೆ ಎಂದು ಹೇಳಲು ಭಾವ ಹೇಳಿಕೊಟ್ಟಿದ್ದರೇ ಎಂದೆ.

"ಹೇಳಿದ್ರು" ಎಂದರು. "ಕೆಲಸಕ್ಕೆ ಕರೆದ ದಿನವೇ ಹೇಳಿದ್ರು, ಗೋದಾಮು ಬೀಳೋ ಹಂಗೆ ಐತೆ ಅಂತ ಬರೀಬೇಕು ಅಂತ. ನೋಡಿ ಬರೀತೀನಿ ಅಂದೆ. ಹೋಗಿ ನೋಡಿದ್ರೆ ನಿಜವಾಗ್ಲೂ ಬೀಳೋ ಹಂಗೆ ಇತ್ತಮ್ಮ. ನಾನೇನು ಮಾಡ್ಲಿ?"

ನಾನು ಅನುಮಾನಿಸಿದ್ದು ಒಂದೂ ಸುಳ್ಳಾಗಿರಲಿಲ್ಲ. ಸರ್ಟಿಫಿಕೇಟು ಅವರದಲ್ಲ, ಭಾವನ ಹುನ್ನಾರ ನಿಜ, ಲಾಡ್ಜಿನ ಪಾರ್ಟಿ ನಿಜ. ಬಿಸಿಲಲ್ಲಿ ನಿಂತು ಇದನ್ನು ತಿರುತಿರುಗಿಸಿ ನೋಡಿದೆ. ಎಲ್ಲಿ ತಪ್ಪಿದೆ ಎನ್ನುವುದು ಅಲ್ಲಿ ಹೊಳೆಯಲಿಲ್ಲ.

ಉಳಿದ ಎಂಟು ಮಳಿಗೆಗಳನ್ನು ಬಂದು ನೋಡಿ ಎಂದು ಬೇಡಿಕೊಂಡೆ. ಒಪ್ಪಲಿಲ್ಲ. ತಾವು ಬಂದು ಏನು ಹೇಳಿದರೂ ನಂಬುವವಳು ನಾನೊಬ್ಬಳೇ, ಬಾಡಿಗೆದಾರರನ್ನು ಎಬ್ಬಿಸಬೇಕಾಗಿ ಬಂದರೆ ಕಾಗದ ಇದ್ದವರ ರುಜು ಬೇಕು ಎಂದರು. ಆದರೆ ತಮ್ಮ ಹಳೆಯ ಪುಸ್ತಕದಿಂದ ಎರಡು ಹಾಳೆ ಹರಿದು ಕೊಟ್ಟರು. ಯಾವ ಮಳಿಗೆಯಲ್ಲಿ ಏನನ್ನು ನೋಡಬೇಕು ಎಂದು ಅದರಲ್ಲಿ ಬರೆದಿತ್ತು.

ಡಿಪ್ಲೊಮಾ ಇದ್ದ ನಿವೃತ್ತ ಓವರ್ಸಿಯರ್ ಒಬ್ಬರನ್ನು ಕರೆಸಿದೆ. ಅವರ ಕಾಗದಗಳನ್ನು ತರಿಸಿ ಮೊದಲೇ ಪೂರ್ತಿ ಓದಿದ್ದೆ, ಎಲ್ಲ ಅವರದೇ. ಕೊಡೆ ಹಿಡಿದು ಮಳಿಗೆ ಸಾಲಿನ ಮುಂದೆ ಒಮ್ಮೆ ನಡೆದು, ಎರಡು ಕಡೆ ಗೋಡೆ ತಟ್ಟಿ, ಎಲ್ಲ ಭದ್ರವಾಗಿದೆ ಎಂದು ಬರೆಯಲು ಕೂತರು. ನಾನು ಹಾಳೆ ತೆಗೆದು, ನಾಲ್ಕನೇ ಮಳಿಗೆಯ ಅಟ್ಟದ ತೊಲೆಗಳ ತುದಿಯನ್ನು ನೋಡಬೇಕಲ್ಲ ಎಂದೆ. ನಾಲ್ಕನೆಯದನ್ನೇ ಯಾಕೆ ನೋಡಬೇಕೆಂದು ಸಿಡುಕಿದರು. ನೋಡಿದ ಮೇಲೆ ಬರೆಯಿರಿ ಎಂದು ಪೆನ್ನನ್ನು ನಾನೇ ತೆಗೆದಿಟ್ಟೆ. ಗೊಣಗುತ್ತಾ ಹತ್ತಿದರು. ಗೋಡೆಯೊಳಗೆ ಹೊಕ್ಕ ತೊಲೆಯ ತುದಿಗೆ ಕೊಡೆಯ ಮೊನೆ ಚುಚ್ಚಿದರೆ ಅದು ಹಿಟ್ಟಿನೊಳಗೆ ಹೋದ ಹಾಗೆ ಹೋಯಿತು. ಹೊರಗಿನಿಂದ ಬಣ್ಣ ಹೊಳೆಯುತ್ತಿದ್ದ ತೇಗದ ತೊಲೆ ಅದು, ಒಳಗೆಲ್ಲ ಗೆದ್ದಲು. ಇಳಿದು ಬಂದು ಬೆವರು ಒರೆಸಿಕೊಂಡು, ಹಾಳೆ ಕೊಡಿ ಎಂದು ಕೈ ಚಾಚಿದರು. ಆಮೇಲೆ ಅದರಲ್ಲಿದ್ದ ಒಂದೊಂದನ್ನೂ ನೋಡಿದರು. ಯಾರು ಬರೆದದ್ದು ಎಂದು ಕೇಳಿದರು. ಹೇಳಿದೆ. ಡಿಪ್ಲೊಮಾ ಇದೆಯೇ ಎಂದರು. ಇಲ್ಲ ಎಂದೆ.

ನಾಲ್ಕನೇ ಮತ್ತು ಏಳನೇ ಮಳಿಗೆಯವರು ಓವರ್ಸಿಯರರ ರುಜು ನೋಡಿ ಎರಡು ತಿಂಗಳ ಮಟ್ಟಿಗೆ ಜಾಗ ಬಿಟ್ಟುಕೊಟ್ಟರು. ನಾನು ಹೇಳಿದ್ದರೆ ಬಿಡುತ್ತಿರಲಿಲ್ಲ. ತೊಲೆ ಬದಲಾಯಿಸಿದೆವು. ಹಿಂದಿನ ಜಾಗವನ್ನು ಕೊನೆಗೆ ಭಾವ ಹೇಳಿದ ಪಾರ್ಟಿಗೇ ಅಪ್ಪ ಬರೆದುಕೊಟ್ಟರು. ಚಕ್ಕುಬಂದಿ ಓದಿದವಳು ನಾನೇ. ಅಲ್ಲಿ ಲಾಡ್ಜು ಎದ್ದಿತು. ಹರಿಹರದವರು ನಾಲ್ಕೈದು ವರ್ಷ ಅದೇ ಕಂಟ್ರಾಕ್ಟರನ ಹತ್ತಿರ ಇದ್ದು, ಅತ್ತಿಗೆಯನ್ನು ಕರೆದುಕೊಂಡು ಬೇರೆ ಊರಿನ ಕೆಲಸಕ್ಕೆ ಹೋದರು ಎಂದು ಕೇಳಿದೆ. ಮತ್ತೆ ಪರೀಕ್ಷೆಗೆ ಕೂತರೋ ಇಲ್ಲವೋ ತಿಳಿಯದು.

ಕಾಲು ಕಳೆದುಕೊಂಡ ಕುಕ್ಕುವಾಡದವನಿಗೆ ಮಳಿಗೆ ಸಾಲಿನ ಕಾವಲಿನ ಕೆಲಸ ಕೊಟ್ಟೆವು. ಊರುಗೋಲು ಇಟ್ಟುಕೊಂಡು ಒಂದು ಸ್ಟೂಲಿನ ಮೇಲೆ ಕೂರುತ್ತಿದ್ದ. ಬಿಸಿಲಿದ್ದರೂ ಗೋಡೆಯ ನೆರಳಿಗೆ ಸರಿಯುತ್ತಿರಲಿಲ್ಲ. ಅವನಿಗೆ ಹೇಳಬೇಕು ಎಂದು ವರ್ಷಗಟ್ಟಲೆ ಅಂದುಕೊಂಡೆ. ಅಪ್ಪ ತೀರಿಕೊಂಡ ಮೇಲೆ, ಅರವತ್ತರ ದಶಕ ಅರ್ಧ ಕಳೆದಿದ್ದಾಗ, ಒಂದು ದಿನ ಅವನ ಎದುರು ಮೆಟ್ಟಿಲ ಮೇಲೆ ಕೂತು ಹೇಳಿಬಿಟ್ಟೆ. ಗೋಡೆ ಬೀಳುತ್ತದೆ ಎಂದು ನನಗೆ ಮೂರು ತಿಂಗಳು ಮೊದಲೇ ಗೊತ್ತಿತ್ತು, ಒಬ್ಬರು ಹೇಳಿದ್ದರು, ನಾನು ನಂಬಲಿಲ್ಲ ಎಂದೆ.

ಅವನು ಆಶ್ಚರ್ಯಪಡಲಿಲ್ಲ. "ಗೊತ್ತೈತ್ರಿ ಅಮ್ಮಾರೆ" ಎಂದ. "ಆವತ್ತು ಕೆಲಸ ಬಿಟ್ಟು ಹೋಗೋವಾಗ ಅವರು ಹಿತ್ತಲಿಗೆ ಬಂದಿದ್ರು. ಈ ಗೋಡೆ ಬುಡಕ್ಕೆ ಕೂರಬ್ಯಾಡ್ರಪ್ಪ ಅಂತ ನಮಗೂ ಹೇಳಿದ್ರು. ಮೊದಲು ಗಾಜು ಅಂಟಿಸಿದಾಗ ನಕ್ಕಿದ್ರೂ ನಾವು ದೂರನೇ ಕುಂತಿದ್ವಿ, ಓದಿದೋರು ಅಂತ. ಸರ್ಟಿಫಿಕೇಟು ಖೋಟಾ ಅಂತ ಗೊತ್ತಾದ ಮ್ಯಾಲೆ ಮತ್ತೆ ಅಲ್ಲೇ ಕೂರಾಕ ಹತ್ತಿದ್ವಿ."

ಇಷ್ಟು ಹೇಳಿ, ಐದನೇ ಮಳಿಗೆಯ ಮುಂದೆ ಯಾರೋ ಸೈಕಲ್ ಅಡ್ಡ ನಿಲ್ಲಿಸಿದ್ದನ್ನು ನೋಡಿ, ಊರುಗೋಲು ತೆಗೆದುಕೊಂಡು ಎದ್ದು ಹೋದ. ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತಿದ್ದೆ. ಸ್ವಲ್ಪ ಹೊತ್ತಿಗೆ ಪಾತ್ರೆ ಅಂಗಡಿಯವರು ಬಾಗಿಲ ಚಿಲಕ ಸಡಿಲಾಗಿದೆ ಎಂದು ಕರೆದರು. ನೋಡಲು ಹೋದೆ.